ಟರ್ಬೊ ಆರುವ ತನಕ

ಹೋದ ತಿಂಗಳು ಸೀರೆ ಕೊಳ್ಳಲೆಂದು ಕೊಯಮತ್ತೂರಿನ ಗಾಂಧಿಪುರಂನಲ್ಲಿ ಬಸ್ಸಿಳಿದೆ. ಸ್ಟ್ಯಾಂಡಿನ ಹೊರಗೆ ಒಂದು ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರೊಳಗಿಂದ ಸುಟ್ಟ ಆಯಿಲ್ಲಿನ ವಾಸನೆ ಬಂತು. ಆಯಿಲ್ ಸುಮ್ಮನೆ ಕಾದರೆ ಒಂದು ವಾಸನೆ, ಕಬ್ಬಿಣಕ್ಕೆ ಅಂಟಿ ಕರಿದು ಇದ್ದಿಲಾದರೆ ಬೇರೆಯೇ ವಾಸನೆ. ಅದು ಮೂಗಿನ ಹಿಂದೆ ಎಲ್ಲೋ ಕಹಿಯಾಗಿ ಕೂತುಬಿಡುತ್ತದೆ. ಕಾರಿನ ಹಿಂಬದಿಗೆ ಹೋಗಿ ನೋಡಿದೆ. ನಾನಂದುಕೊಂಡಂತೆ ಟರ್ಬೊ ಎಂದು ಬೆಳ್ಳಿ ಬಣ್ಣದಲ್ಲಿ ಬರೆದಿತ್ತು. ಈಗ ಕಂಡಕಂಡ ಕಾರಿಗೆಲ್ಲ ಅದಿದೆ. ನನ್ನ ಅಳಿಯನ ಕಾರಿಗೂ ಇದೆ. ಅದೇನು ಮಾಡುತ್ತದಪ್ಪಾ ಎಂದು ಕೇಳಿದರೆ ಪಿಕಪ್ ಚೆನ್ನಾಗಿರುತ್ತೆ ಅತ್ತೆ ಎನ್ನುತ್ತಾನೆ. ಆ ಪಿಕಪ್ಪಿಗಾಗಿ ಒಂದು ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಅವನಿಗೆ ಹೇಳಿಲ್ಲ. ಹೇಳಿದರೂ ಅವನು ಮೈಲೇಜ್ ಎಷ್ಟು ಬರುತ್ತಿತ್ತು ಎಂದು ಕೇಳುವ ಪೈಕಿ.

ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ. ಕೊಯಮತ್ತೂರಿನ ನಮ್ಮವರಿಗೆ ಮನೆಮಾತು ಕನ್ನಡವಾದರೂ ಓದಲು ಬಾರದು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ನೆಗಮ ಎಂಬ ಊರಿನ ನೇಕಾರರ ಮನೆ. ತಾತನ ಕಾಲಕ್ಕೆ ಹಟ್ಟಿಯ ತುಂಬ ಗುಂಡಿಮಗ್ಗ. ಅಪ್ಪ ಮತ್ತು ಚಿಕ್ಕಪ್ಪ ಮಗ್ಗ ಬಿಟ್ಟು ಲೇತ್ ಕಲಿತು, ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಒಂದು ಎಂಜಿನ್ ವರ್ಕ್‌ಶಾಪ್ ಹಾಕಿದರು. ಊರು ಬಿಟ್ಟರೂ ಮಗ್ಗದ ಒಂದು ರೂಢಿಯನ್ನು ಅವರು ಬಿಡಲಿಲ್ಲ. ನಮ್ಮಲ್ಲಿ ಮನೆಯ ಹಿರಿಯರು ಬಂದು ಮಗ್ಗದ ಮುಂದೆ ನಿಂತರೆ ನೇಯುವವನು ಲಾಳಿ ಕೆಳಗಿಟ್ಟು ಮಗ್ಗ ನಿಲ್ಲಿಸಬೇಕು. ಅವರು ಮಾತಾಡಿ ಹೋಗುವವರೆಗೆ ಸದ್ದು ಮಾಡುವಂತಿಲ್ಲ. ವರ್ಕ್‌ಶಾಪಿಗೂ ಅದೇ ಬಂತು. ಅಪ್ಪ ಬಂದು ನಿಂತರೆ ಲೇತ್ ನಿಲ್ಲುತ್ತಿತ್ತು, ಓಡುವ ಎಂಜಿನ್ ಬಾಯಿ ಮುಚ್ಚುತ್ತಿತ್ತು. ಹಿರಿಯರ ಮುಖದೆದುರು ಎಂಜಿನ್ ಓಡಿಸಿಕೊಂಡು ಕೂರುವುದೆಂದರೆ ಅವರ ಮುಖಕ್ಕೆ ಉಗಿದಂತೆ. ನಮ್ಮವರ ಪೈಕಿ ಇದನ್ನು ಯಾರೂ ಹೇಳಿಸಿಕೊಂಡು ಕಲಿತದ್ದಲ್ಲ.

ಅಪ್ಪ ತೀರಿಹೋದ ಮೇಲೆ ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿದ್ದ ಅವರ ಕುರ್ಚಿಯಲ್ಲಿ ಚಿಕ್ಕಪ್ಪ ಕೂತರು. ನನ್ನ ಅಣ್ಣ ದೊರೆಸಾಮಿ ದೊಡ್ಡವನಾಗುವ ತನಕ ಕಾವಲಿಗೆ ಕೂತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಅಣ್ಣ ದೊಡ್ಡವನಾದ, ಮೀಸೆ ಬಂತು, ಊರಲ್ಲೇ ಅವನಂತೆ ಎಂಜಿನ್ ಬಿಚ್ಚಿ ಕಟ್ಟುವವರಿಲ್ಲ ಎಂಬ ಹೆಸರೂ ಬಂತು. ಚಿಕ್ಕಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಅವರಿಗೂ ಒಬ್ಬ ಮಗ, ಮನೋಹರ, ಅಣ್ಣನ ಓರಗೆಯವನು. ಅವನೂ ಕೆಲಸಗಾರನೇ, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲದಕ್ಕೂ ಅವಸರ.

ಮಾರುತಿ ಕಾರು ರಸ್ತೆಗೆ ಬಂದು ಒಂದೆರಡು ವರ್ಷವಾಗಿದ್ದ ಕಾಲ. ರೇಸಿನ ಹುಚ್ಚಿನ ಒಬ್ಬ ಮಿಲ್ ಮಾಲೀಕ, ನಮ್ಮೂರ ಮಾತಲ್ಲಿ ಮುದಲಾಳಿ, ನಮ್ಮ ಗಿರಾಕಿ. ಆತ ಜಪಾನಿಗೆ ಹೋಗಿಬಂದವರು ಮರದ ಪೆಟ್ಟಿಗೆಯಲ್ಲಿ ಎರಡು ಟರ್ಬೊ ತಂದರು. ತೆಂಗಿನಕಾಯಿ ಗಾತ್ರದ ಬಸವನಹುಳು ಎರಡನ್ನು ಬೆನ್ನಿಗೆ ಬೆನ್ನು ಅಂಟಿಸಿದಂತೆ ಇತ್ತು ಒಂದೊಂದೂ. ಎಂಜಿನ್ ಉಗುಳುವ ಹೊಗೆ ಒಂದು ಕಡ್ಡಿಯ ತುದಿಯ ಚಕ್ರವನ್ನು ತಿರುಗಿಸುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೇ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚು, ಪೆಟ್ರೋಲ್ ಹೆಚ್ಚಾದರೆ ಓಟ ಹೆಚ್ಚು. ಎರಡು ಫಿಯೆಟ್ ಕಾರಿಗೆ ಒಂದೊಂದನ್ನು ಕೂರಿಸಿ, ಯಾವುದು ಚೆನ್ನಾಗಿ ಓಡುತ್ತದೋ ಅದನ್ನು ಮದರಾಸಿನ ರೇಸಿಗೆ ಒಯ್ಯುತ್ತೇನೆ ಎಂದರು. ಆ ಮೇಲೆ ನಮ್ಮೆಲ್ಲರ ಮುಂದೆ ಒಂದು ಮಾತು ಹೇಳಿದರು. ಜೋರಾಗಿ ಓಡಿ ಬಂದ ಕೂಡಲೇ ಎಂಜಿನ್ ನಿಲ್ಲಿಸಬಾರದು. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಕೆಂಪಗೆ ಕಾದ ಟರ್ಬೊದ ಕಡ್ಡಿಯ ಮೇಲೆ ಉಳಿದ ಆಯಿಲ್ ಕರಿದು ಇದ್ದಿಲಾಗುತ್ತದೆ, ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ನಿಮಿಷ ಸುಮ್ಮನೆ ಓಡಿಸಿ ಆರಲು ಬಿಟ್ಟು ಆಮೇಲೆ ನಿಲ್ಲಿಸಬೇಕು. ಅಣ್ಣ ತಲೆಯಾಡಿಸಿದ, ಮನೋಹರ ತಲೆಯಾಡಿಸಿದ. ಚಿಕ್ಕಪ್ಪನೂ ಅಲ್ಲೇ ನಿಂತು ಕೇಳಿಸಿಕೊಂಡರು. ನನಗೆ ನೆನಪಿದೆ, ಅವರು ಅದನ್ನು ಮುದಲಾಳಿಯಿಂದ ಎರಡನೇ ಸಲ ಹೇಳಿಸಿಕೊಂಡರು.

ಆ ವಾರವೇ ನೆಗಮದಿಂದ ತಾತನ ತಮ್ಮನನ್ನು ಕರೆಸಿದರು. ನಮ್ಮ ಬಳಗಕ್ಕೆಲ್ಲ ಅವರದೇ ಹಿರಿತನ, ನಾವು ಅವರನ್ನು ನೆಗಮದ ತಾತ ಎನ್ನುತ್ತಿದ್ದೆವು. ಅವರೆದುರು ಚಿಕ್ಕಪ್ಪ, ತನಗೆ ವಯಸ್ಸಾಯಿತು, ದೊರೆ ಒಂದು ಕಾರು ಕಟ್ಟಲಿ, ಮನೋಹರ ಒಂದು ಕಟ್ಟಲಿ, ಯಾರ ಕಾರು ಗೆಲ್ಲುತ್ತದೋ ಅವನು ಕುರ್ಚಿಯಲ್ಲಿ ಕೂರಲಿ, ಸೋತವನು ಅವನ ಕೈಕೆಳಗೆ ಇರಲಿ ಎಂದರು. ಅಣ್ಣನ ಮಗನನ್ನೂ ಸ್ವಂತ ಮಗನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಧರ್ಮಾತ್ಮ ಎಂದು ತಾತ ಕಣ್ಣೊರೆಸಿಕೊಂಡರು. ಅಪ್ಪ ಕಟ್ಟಿದ ವರ್ಕ್‌ಶಾಪನ್ನು ಅಪ್ಪನ ಮಗ ಪಂದ್ಯ ಕಟ್ಟಿ ಯಾಕೆ ಗೆಲ್ಲಬೇಕು ಎಂದು ಯಾರೂ ಕೇಳಲಿಲ್ಲ. ನಾನು ಅಮ್ಮನ ಹತ್ತಿರ ಕೇಳಿದೆ. ಅಮ್ಮ ನನ್ನ ತಲೆಗೆ ಒಂದು ಕುಟ್ಟಿ, ಅನ್ನ ಹಾಕುವವರನ್ನು ಪ್ರಶ್ನೆ ಕೇಳಬಾರದು ಎಂದಳು. ಅಪ್ಪ ಹೋದಾಗಿನಿಂದ ಅವಳಿಗೆ ಎಲ್ಲಕ್ಕೂ ಹೆದರಿಕೆ.

ಆನಿ ತಿಂಗಳು ಮುಗಿದು ಆಡಿ ಹುಟ್ಟುವಾಗ ಪಾಲಕ್ಕಾಡಿನ ಕಣಿವೆಯಿಂದ ಗಾಳಿ ನುಗ್ಗುತ್ತದೆ. ಹಗಲೂ ರಾತ್ರಿ ಒಂದೇ ಸಮ ಬೀಸುವ ಗಾಳಿ ಅದು, ಮಳೆ ತರುವುದಿಲ್ಲ, ಬರೀ ಧೂಳು. ತಗಡಿನ ಚಾವಣಿ ಬಡಿದುಕೊಳ್ಳುತ್ತಿತ್ತು, ಅನ್ನ ಉಣ್ಣುವಾಗ ಹಲ್ಲಿಗೆ ಮರಳು ಸಿಗುತ್ತಿತ್ತು. ಆಡಿಯಲ್ಲಿ ನಮ್ಮವರು ಹೊಸದೇನನ್ನೂ ಶುರು ಮಾಡುವುದಿಲ್ಲ. ಚಿಕ್ಕಪ್ಪ ಮಾತ್ರ ಆ ವರ್ಷ ಶಾಸ್ತ್ರ ನೋಡಲಿಲ್ಲ.

ವರ್ಕ್‌ಶಾಪಿನ ಎರಡು ಮೂಲೆಯಲ್ಲಿ ಎರಡು ಕಾರು ನಿಂತವು. ನಾನು ಅಲ್ಲಿ ಬಿಡಿಭಾಗಗಳ ಕಪಾಟು ನೋಡಿಕೊಳ್ಳುತ್ತಿದ್ದೆ, ಹಾಗಾಗಿ ಎರಡು ಮೂಲೆಯೂ ನನಗೆ ಕಾಣುತ್ತಿತ್ತು. ಮನೋಹರ ಟರ್ಬೊದ ಒತ್ತಡ ಹೊರಗೆ ಬಿಡುವ ಬಾಗಿಲಿನ ಸ್ಪ್ರಿಂಗನ್ನು ಬಿಗಿಮಾಡಿ, ಎಷ್ಟು ಗಾಳಿ ತುಂಬಲು ಸಾಧ್ಯವೋ ಅಷ್ಟೂ ತುಂಬಿದ. ಕಾರು ಎದ್ದು ಹಾರುತ್ತಿತ್ತು ನಿಜ, ಆದರೆ ನಮ್ಮ ಆಗಿನ ಪೆಟ್ರೋಲಿಗೆ ಅಷ್ಟು ತಾಕತ್ತೆಲ್ಲಿ, ಜೋರು ಮಾಡಿದರೆ ಎಂಜಿನ್ ಒಳಗೆ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು. ಅಣ್ಣ ಮೊದಲು ಹೆಡ್ಡಿನ ಕೆಳಗೆ ದಪ್ಪ ತಾಮ್ರದ ತಗಡು ಕೊಟ್ಟು, ಆ ಕಲ್ಲಿನ ಸದ್ದು ಬಾರದಂತೆ ಎಂಜಿನ್ನಿನ ಬಿಗುವು ಇಳಿಸಿದ. ಆಮೇಲೆ ಕಾರ್ಬೊರೇಟರಿಗೆ ಗಾಳಿ ಸೋರದ ಅಲ್ಯುಮಿನಿಯಂ ಪೆಟ್ಟಿಗೆ ಎರಕ ಹೊಯ್ಸಿದ. ಗಾಜು ತೊಳೆಯುವ ಪುಟ್ಟ ಮೋಟಾರನ್ನು ಬಿಚ್ಚಿ, ಒಳಹೋಗುವ ಬಿಸಿಗಾಳಿಗೆ ನೀರಿನ ತುಂತುರು ಹೊಡೆಯುವ ಹಾಗೆ ಕಟ್ಟಿದ. ಅವನ ಕಾರು ಮೊದಲ ಸೆಳೆತಕ್ಕೆ ಮನೋಹರನದರ ಹಿಂದೆ ಬೀಳುತ್ತಿತ್ತು. ಆದರೆ ಎಷ್ಟು ದೂರ ಓಡಿದರೂ ದಣಿಯುತ್ತಿರಲಿಲ್ಲ. ಗೇರ್ ಬದಲಿಸುವಾಗ ಬಾನೆಟ್ಟಿನೊಳಗೆ ಹಕ್ಕಿ ಸಿಳ್ಳೆ ಹಾಕಿದಂತೆ ಸದ್ದು ಬರುತ್ತಿತ್ತು. ಆ ಸಿಳ್ಳೆ ಕೇಳಿದರೆ ಅಣ್ಣನ ಮುಖ ಅರಳುತ್ತಿತ್ತು. ಅಪ್ಪ ಸತ್ತ ಮೇಲೆ ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಮೊದಲ ಪರೀಕ್ಷೆಯ ಓಟ ಮುಗಿಸಿ ಅಣ್ಣ ಗೇಟಿನೊಳಗೆ ಬಂದಾಗ ಚಿಕ್ಕಪ್ಪ ಎದ್ದು ಬಂದು ಕಾರಿನ ಮುಂದೆ ನಿಂತು, ಹೇಗೆ ಓಡಿತು ದೊರೆ ಎಂದು ಪ್ರೀತಿಯಿಂದ ಕೇಳಿದರು. ಅಣ್ಣನ ಕೈ ತಾನಾಗಿ ಕೀಲಿಗೆ ಹೋಯಿತು, ಎಂಜಿನ್ ನಿಂತಿತು. ಕಾಲು ಗಂಟೆ ನಿಂತು ಮಾತಾಡಿಸಿದರು. ಎರಡು ದಿನಕ್ಕೆ ಸಿಳ್ಳೆ ಹೋಗಿ ಗರಗರ ಬಂತು, ಹಿಂದೆ ನೀಲಿ ಹೊಗೆ. ಬಿಚ್ಚಿದರೆ ಕಡ್ಡಿಯ ಮೇಲೆ ಕರಿ ಇದ್ದಿಲು, ಆ ಕಹಿ ವಾಸನೆ. ಅಣ್ಣ ಕೂತು ಹಾಳಾದ ಬೇರಿಂಗಿನ ಬದಲು ಲೇತಿನಲ್ಲಿ ಹೊಸ ಕಂಚಿನ ಬುಷ್ ಕಡೆದು ಹಾಕಿದ. ಮುಂದಿನ ಓಟಕ್ಕೂ ಚಿಕ್ಕಪ್ಪ ಅದೇ ಜಾಗಕ್ಕೆ ಬಂದರು. ಮತ್ತೆ ಇದ್ದಿಲು. ಮನೋಹರನ ಕಾರು ಬಂದಾಗ ಮಾತ್ರ ಅವರು ಗಾಜಿನ ಕೋಣೆಯಲ್ಲೇ ಕೂತು ಟೀ ಕುಡಿಯುತ್ತಿದ್ದರು. ಅವನ ಎಂಜಿನ್ ಆರಾಮಾಗಿ ಆರಿ, ಸದ್ದು ನಿಂತ ಮೇಲೆ ಹೊರಗೆ ಬರುತ್ತಿದ್ದರು.

ನನಗೆ ಎರಡನೇ ಸಲಕ್ಕೇ ಅರ್ಥವಾಯಿತು. ಅಣ್ಣನನ್ನು ಲೇತಿನ ಹತ್ತಿರ ಹಿಡಿದು, ಇವರು ಬೇಕೆಂದೇ ಬಂದು ನಿಲ್ಲುತ್ತಿದ್ದಾರೆ, ನಿನಗೆ ಕಾಣುವುದಿಲ್ಲವಾ ಎಂದೆ. ಅವನು ಬುಷ್ಷಿನ ಒಳಗೆ ಬೆರಳಾಡಿಸುತ್ತಾ ನಿಂತಿದ್ದ.

“ಕಾಣಾಮ ಇರ್ತದಾ ಸರೋ. ಮೊದಲ ದಿನವೇ ಗೊತ್ತಾತು.”

“ಮತ್ತೆ ಯಾಕೆ ಆಫ್ ಮಾಡ್ತೀಯ?”

“ಅವರು ಬಂದು ನಿಂತಾಗ ವಂಡಿ ಓಡಿಸ್ಕೊಂಡು ಹೆಂಗೆ ಕೂರಲಿ? ಅಪ್ಪ ಇದ್ದಿದ್ರೆ ನಾನು ಹಂಗೆ ಕೂರ್ತಿದ್ನಾ?”

ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಗ್ಯಾಸ್ಕೆಟ್ಟನ್ನು ಅವನ ಮುಖಕ್ಕೆ ಎಸೆದೆ. ಕಳ್ಳ ಮನೆಯೊಳಗೆ ಬಂದು ಹಿರಿಯನಂತೆ ನಿಂತರೆ ಇವನು ಕಾಲು ಮುಟ್ಟಿ ನಮಸ್ಕರಿಸುವವನು. ಅವನು ಗ್ಯಾಸ್ಕೆಟ್ ಎತ್ತಿ, ಒರೆಸಿ, ಕಪಾಟಿನಲ್ಲಿಟ್ಟ. ಆಮೇಲೆ ಮೆಲ್ಲಗೆ, ಇನ್ನು ಕಂಚಿನ ಬುಷ್ಷಿಗೂ ಜಾಗವಿಲ್ಲ, ಕಡ್ಡಿಯೇ ತೆಳುವಾಗಿದೆ, ಇನ್ನೊಂದು ಸಲ ಕರಿದರೆ ಮುಗಿಯಿತು ಎಂದ.

ಕೊನೆಯ ಓಟ ಸೂಲೂರು ದಾಟಿ ಪಲ್ಲಡದ ಕಡೆ ಹೋಗುವ ರಸ್ತೆಯಲ್ಲಿ. ಬೆಳಗಿನ ಹೊತ್ತು ಅಲ್ಲಿ ಎತ್ತಿನ ಗಾಡಿ ಬಿಟ್ಟರೆ ಏನಿಲ್ಲ, ಎರಡು ಕಡೆಯೂ ಜೋಳದ ಹೊಲ, ರಸ್ತೆ ದಾರ ಎಳೆದಂತೆ ನೇರ. ಹೋಗುವಾಗ ಬೆನ್ನಿಗೆ ಗಾಳಿ, ಬರುವಾಗ ಎದುರು ಗಾಳಿ. ಆದ್ದರಿಂದ ಹೋಗಿ, ಒಂದು ಬೇವಿನ ಮರದ ಹತ್ತಿರ ನಿಂತು, ಮತ್ತೆ ಬರಬೇಕು ಎಂದು ಮುದಲಾಳಿ ಹೇಳಿದ್ದರು. ಎರಡೂ ಸೇರಿಸಿ ಲೆಕ್ಕ, ಮರದ ಹತ್ತಿರ ನಿಂತ ಹೊತ್ತು ಬಿಟ್ಟು. ಹೊರಡುವ ತುದಿಯಲ್ಲಿ ವಾಚು ಮುದಲಾಳಿಯ ಕೈಯಲ್ಲಿ, ಮರದ ಹತ್ತಿರ ನನ್ನ ಕೈಯಲ್ಲಿ. ಇವಳಿಗೆ ಸುಳ್ಳು ಹೇಳಲು ಬಾರದು ಎಂದು ಚಿಕ್ಕಪ್ಪನೇ ನನ್ನನ್ನು ಆ ಕೆಲಸಕ್ಕೆ ಹಾಕಿದ್ದು. ಬೇವಿನ ಮರದ ಕೆಳಗೆ ಜಮಖಾನ ಹಾಸಿ ನೆಗಮದ ತಾತ, ಅಮ್ಮ, ಬಳಗದ ನಾಲ್ಕಾರು ಜನ ಕೂತಿದ್ದರು. ಯಾರೋ ಬುತ್ತಿ ಕೂಡ ತಂದಿದ್ದರು.

ಬೆನ್ನಿಗೆ ಗಾಳಿ ಇದ್ದ ಕಡೆ ಮನೋಹರ ಮುಂದೆ ಬಂದ. ಅಣ್ಣ ಅವನ ಹಿಂದೆಯೇ, ಹೆಚ್ಚು ದೂರವಿಲ್ಲ. ಎರಡು ಕಾರೂ ಮರದ ಆಚೆ ಈಚೆ ನಿಂತು ಗುರುಗುಡುತ್ತಿದ್ದವು. ಅಣ್ಣನ ಕಾರಿನ ಬಾನೆಟ್ಟಿನ ಸಂದಿನಿಂದ ಟರ್ಬೊ ಕೆಂಡದಂತೆ ಕಂಡಿತು. ಅಷ್ಟರಲ್ಲಿ ಚಿಕ್ಕಪ್ಪ ವಿಭೂತಿಯ ತಟ್ಟೆ ಹಿಡಿದು ಎದ್ದರು. ಮಗನ ಕಾರಿಗೆ ಬೆನ್ನು ಹಾಕಿ, ಅಣ್ಣನ ಕಾರಿನ ಮುಂದೆ ಬಂದು ನಿಂತರು. ಗಾಳಿಗೆ ವಿಭೂತಿ ಹಾರದಂತೆ ತಟ್ಟೆಗೆ ಕೈ ಅಡ್ಡ ಹಿಡಿದಿದ್ದರು.

“ದೊರೆ, ಇಳಿ ನನ್ನ ಕಣ್ಣು. ಕುಲದೇವರ ತುನ್ನೂರು ಹಚ್ಚಿಕೊ” ಎಂದರು.

ಅಣ್ಣ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ನೇರ ನೋಡುತ್ತಿದ್ದ. ಎಂಜಿನ್ ನಿಲ್ಲಲಿಲ್ಲ. ತಾತ ಜಮಖಾನದ ಮೇಲಿಂದ, ಲೇ ನಿಲ್ಲಿಸೋ ಎಂದು ಕೂಗಿದರು. ಅಮ್ಮ ಎದ್ದು ನಿಂತಳು. ಅವಳ ಬಾಯಿ ಆಡುತ್ತಿತ್ತು, ಗಾಳಿಗೆ ಏನೂ ಕೇಳಲಿಲ್ಲ. ಅಣ್ಣನ ಕುತ್ತಿಗೆಯ ನರ ಉಬ್ಬಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಕೀಲಿಗೆ ಹೋಗಲಿಲ್ಲ. ಚಿಕ್ಕಪ್ಪ ಕದಲದೆ ಅಲ್ಲೇ ನಿಂತರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನಾನು ಹತ್ತಿರವೇ ಇದ್ದೆ, ಸರಿಯಾಗಿ ನೋಡಿದ್ದೇನೆ, ಅವರಿಗೆ ಸಮಾಧಾನವಾಗುತ್ತಿತ್ತು.

ಟರ್ಬೊ ಆರಿದ ಮೇಲೆ ಅಣ್ಣ ತಾನೇ ಎಂಜಿನ್ ನಿಲ್ಲಿಸಿ, ಇಳಿದು, ತಲೆ ಬಗ್ಗಿಸಿ ಅವರ ಮುಂದೆ ನಿಂತ. ಚಿಕ್ಕಪ್ಪ ತಟ್ಟೆಯನ್ನು ಓರೆ ಮಾಡಿದರು. ವಿಭೂತಿಯೆಲ್ಲ ಗಾಳಿಗೆ ಹಾರಿ ಜೋಳದ ಹೊಲಕ್ಕೆ ಹೋಯಿತು.

ಕಾರುಗಳು ಹೊರಟ ಮೇಲೆ ನಾವೆಲ್ಲ ವ್ಯಾನ್ ಹತ್ತಿ ಹಿಂದೆಯೇ ಹೋದೆವು. ಎದುರು ಗಾಳಿಯಲ್ಲಿ ಅಣ್ಣ ಗೆದ್ದ. ಗೆದ್ದ ಎಂದರೆ ಸಾಲದು, ಮನೋಹರನ ಕಾರು ಅರ್ಧ ದಾರಿಯಲ್ಲಿ ಕಲ್ಲು ಕುಲುಕಿ, ಒಂದು ಪಿಸ್ಟನ್ ಸುಟ್ಟುಕೊಂಡು, ಕುಂಟುತ್ತಾ ಬಂತು. ಮುದಲಾಳಿ ಅಣ್ಣನ ಕೈ ಕುಲುಕಿ, ಈ ವಂಡಿ ನನ್ನದು ಎಂದರು. ಅಣ್ಣ ಅತ್ತಿತ್ತ ನೋಡಿದ. ಬಳಗದವರು ಯಾರೂ ಅವನ ಹತ್ತಿರ ಬರಲಿಲ್ಲ.

ಸಾಯಂಕಾಲ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಮುದಲಾಳಿಯೂ ಇದ್ದರು. ಓಟದ ಮಾತನ್ನು ಯಾರೂ ಎತ್ತಲಿಲ್ಲ. ಕುಲದೇವರ ತಟ್ಟೆ ಹಿಡಿದು ಬಂದ ಚಿಕ್ಕಪ್ಪನ ಮುಖದ ಮೇಲೆ ಎಂಜಿನ್ ಓಡಿಸಿದವನಿಗೆ ಹತ್ತು ಜನ ಆಳುಗಳ ಮೇಲಿನ ಕುರ್ಚಿ ಕೊಡುವುದು ಹೇಗೆ ಎಂದು ತಾತ ಕೇಳಿದರು. ನಾನು ಸುಮ್ಮನಿರುವ ಪೈಕಿ ಅಲ್ಲ. ಎದ್ದು ನಿಂತು, ಟರ್ಬೊ ಆರುವ ತನಕ ನಿಲ್ಲಿಸಬಾರದೆಂದು ಮುದಲಾಳಿಯೇ ಹೇಳಿದ್ದು, ಬೇಕಾದರೆ ಕೇಳಿ ಎಂದೆ. ಎಲ್ಲರೂ ಅವರ ಕಡೆ ತಿರುಗಿದರು. ಆತ ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡು, “ಅದು ಉಂಗ ವೀಟ್ಟು ವಿಷಯಂ” ಎಂದರು. ನಿಮ್ಮ ಮನೆಯ ವಿಷಯ ನಿಮಗೇ ಬಿಟ್ಟದ್ದು ಎಂದು ಕೈ ತೊಳೆದುಕೊಂಡರು. ಅವರಿಗೆ ಕಾರು ಸಿಕ್ಕಿತ್ತು.

ಮನೋಹರನ ಎಂಜಿನ್ನೂ ಆಗ ಅಲ್ಲೇ ಓಡುತ್ತಿತ್ತಲ್ಲ ಎಂದೆ. ಅದರ ಮುಂದೆ ಯಾರೂ ನಿಂತಿರಲಿಲ್ಲವಲ್ಲ ಎಂದರು ತಾತ. ಆಗ ಚಿಕ್ಕಪ್ಪ ನನ್ನ ಪರವಾಗಿಯೇ ಮಾತಾಡಿದರು.

“ಸರೋಜಾ ಹೇಳೋದು ಸರಿಯೇ. ಮೆಷಿನ್‌ಗೆ ಕೂಲಿಂಗ್ ಬೇಕು. ಮನುಷನಿಗೆ ಮರ್ಯಾದೆ ಬೇಕು. ಯಾವುದು ಮುಖ್ಯ ಅಂತ ನಮ್ ದೊರೆ ಇವತ್ತು ಎಲ್ರ ಮುಂದೆ ತೋರಿಸಿದ. ಅವನ ಮೇಲೆ ನಂಗೆ ಕೋಪಂ ಇಲ್ಲ.”

ಅಮ್ಮ ಅಳುತ್ತಾ ಅಣ್ಣನ ರಟ್ಟೆ ಹಿಡಿದು ಎಳೆದಳು. ನಿಮ್ಮಪ್ಪ ಇದ್ದಿದ್ದರೆ ಆ ಮರದ ಕೆಳಗೇ ನಿನ್ನನ್ನು ಹೊಡೆಯುತ್ತಿದ್ದರು, ಬೆಳೆದ ತಂಗಿಯ ಮದುವೆ ಮಾಡುವುದು ಯಾರು, ಬೀಳು ಕಾಲಿಗೆ ಎಂದಳು. ನಾನು ಬೇಡ ಅಣ್ಣ ಎಂದು ಕಿರುಚಿದೆ. ಅವನು ನನ್ನ ಕಡೆ ನೋಡದೆ ಚಿಕ್ಕಪ್ಪನ ಮುಂದೆ ಉದ್ದಕ್ಕೆ ಬಿದ್ದ. ಏಳು ಎನ್ನುವವರೆಗೆ ಏಳುವಂತಿಲ್ಲ, ನಮ್ಮಲ್ಲಿ ಅದೂ ಒಂದು ರೂಢಿ. ಚಿಕ್ಕಪ್ಪ ತಾತನ ಕಡೆ ತಿರುಗಿ, ನೆಗಮದಲ್ಲಿ ಈ ಸಲ ನೂಲು ಹೇಗಿದೆ ಎಂದು ವಿಚಾರಿಸಿದರು. ತಾತ ನೂಲಿನ ಕತೆ ಹೇಳಿದರು. ಆಮೇಲೆ ಬಣ್ಣದ ಮಾತು ಬಂತು. ಕಾಫಿ ಬಂತು, ಕುಡಿದರು, ಲೋಟ ಕೆಳಗಿಟ್ಟರು. ಅಣ್ಣನ ಬೆನ್ನ ಮೇಲಿನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮನೋಹರನೇ ತಡೆಯಲಾರದೆ ಎದ್ದು ಹೊರಗೆ ಹೋದ. ಎಲ್ಲ ಮಾತು ಮುಗಿದ ಮೇಲೆ ಚಿಕ್ಕಪ್ಪ ಏಳು ಎಂದರು, ನಾಳೆಯಿಂದ ಮನೋಹರ ಹೇಳಿದಂತೆ ಕೇಳು ಎಂದರು.

ಅಣ್ಣ ಕೇಳಿದ. ಅದೇ ನನಗೆ ಸಹಿಸಲಾಗದ್ದು. ಮರುದಿನ ಹೊತ್ತಿಗೆ ಸರಿಯಾಗಿ ವರ್ಕ್‌ಶಾಪಿಗೆ ಹೋದ. ಮದರಾಸಿನಲ್ಲಿ ಅವನ ಕಾರು ಗೆದ್ದಿತು, ಪೇಪರಿನಲ್ಲಿ ಕಾರಿನ ಪಕ್ಕ ಮನೋಹರ ನಿಂತಿದ್ದ. ಆಮೇಲೆ ಬಂದ ಟರ್ಬೊ ಕಾರುಗಳನ್ನೆಲ್ಲ ಕಟ್ಟಿದ್ದು ಅಣ್ಣ, ಹೆಸರು ಮನೋಹರನದು. ನನ್ನ ಮದುವೆಯನ್ನು ಚಿಕ್ಕಪ್ಪ ಜೋರಾಗಿಯೇ ಮಾಡಿದರು. ಛತ್ರದ ಬಾಗಿಲಲ್ಲಿ ನಿಂತು, ತಂದೆಯಿಲ್ಲದ ಮಗು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅಣ್ಣ ಬಾಯಿಬಿಟ್ಟು ಬಯ್ಯಲಿಲ್ಲವಾದರೂ, ತನಗೆ ಆದದ್ದು ಅನ್ಯಾಯ ಎಂದು ಅವನಿಗೆ ಗೊತ್ತಿತ್ತು. ನಾನು ತವರಿಗೆ ಹೋದಾಗ ಅಂಗಳದಲ್ಲಿ ಕೂತು ನಾನು ಚಿಕ್ಕಪ್ಪನನ್ನು ಬಯ್ಯುತ್ತಿದ್ದೆ, ಅವನು ತಡೆಯುತ್ತಿರಲಿಲ್ಲ. ಆ ತಿಳಿವೊಂದಾದರೂ ಅವನದು ಎಂದು ಉಳಿದಿತ್ತು. ಬಹಳ ವರ್ಷಗಳ ನಂತರ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಾಗ ಅಣ್ಣನೊಬ್ಬನನ್ನೇ ಒಳಗೆ ಕರೆಸಿಕೊಂಡರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಈಗಲಾದರೂ ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅಣ್ಣ ಹೊರಗೆ ಬಂದಾಗ ಮುಖ ಮುಚ್ಚಿಕೊಂಡು ಅಳುತ್ತಿದ್ದ.

“ಅವತ್ತು ನಾನು ಆಫ್ ಮಾಡಿದ್ದಿದ್ರೆ ಕುರ್ಚಿ ನಂಗೇ ಕೊಡ್ತಿದ್ರಂತೆ ಸರೋ. ಸೋತಿದ್ರೂ ಕೊಡ್ತಿದ್ರಂತೆ. ನನ್ನ ಪರೀಕ್ಷೆ ಮಾಡಿದ್ದಂತೆ. ನಾನೇ ಅವಸರಪಟ್ಟು ಕೆಡಿಸಿಕೊಂಡೆ.”

“ಸುಳ್ಳು” ಎಂದೆ. “ಅದಕ್ಕೆ ಮುಂಚೆ ಎರಡು ಸಲ ಆಫ್ ಮಾಡಿದ್ದೆಯಲ್ಲ. ಆಗ ಏನು ಕೊಟ್ಟರು?”

ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಕೋಪಿಸಿಕೊಂಡದ್ದು ಆ ಒಂದೇ ಸಲ. ಸಾಯುವ ಮನುಷ್ಯ ಸುಳ್ಳು ಯಾಕೆ ಹೇಳುತ್ತಾನೆ, ನಿನ್ನ ನಾಲಿಗೆಗೆ ದೊಡ್ಡವರು ಚಿಕ್ಕವರು ಎಂದಿಲ್ಲ ಎಂದ.

ಚಿಕ್ಕಪ್ಪನ ತಿಥಿಗೆ ಮನೋಹರನಿಗೆ ಪುರುಸೊತ್ತಾಗುವುದಿಲ್ಲ. ಪ್ರತಿ ವರ್ಷ ಅಣ್ಣನೇ ಮಾಡುತ್ತಾನೆ. ಅಪ್ಪನ ತಿಥಿಗೆ ಮಾಡಿಸುವುದಕ್ಕಿಂತ ಒಂದು ಬಗೆ ಅಡುಗೆ ಹೆಚ್ಚಿಗೆ ಮಾಡಿಸುತ್ತಾನೆ.